ಆಷಾಢದ ಕಾಲರು

"ಬೆಳಿಗ್ಗೆ ಹತ್ತೇ ನಿಮಿಷ ಸಾಕು, ನೀಟಾಗಿ ಕಾಣಬಹುದು" ಎಂದು ಮೊಬೈಲಿನೊಳಗಿಂದ ನಗುತ್ತಾ ಹೇಳುವವರ ಬೆನ್ನ ಹಿಂದೆ ಸ್ವಲ್ಪ ಗಮನಿಸಿ. ಅಲ್ಲೊಂದು ಕಿಟಕಿ ಇರುತ್ತದೆ, ಕಿಟಕಿಯಲ್ಲಿ ಬಿಸಿಲಿರುತ್ತದೆ. ಅಂಥ ಬಿಸಿಲು ಬೆನ್ನಿಗಿದ್ದರೆ ಯಾರು ಬೇಕಾದರೂ ನೀಟಾಗಿ ಕಾಣುತ್ತಾರೆ. ಅವರನ್ನು ಪುನರ್ವಸು ಮಳೆಯಲ್ಲಿ ಕರೆತಂದು ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ನಾಲ್ಕು ದಿನ ಇರಿಸಿಕೊಂಡು, ಐದನೆಯ ದಿನ ಚಿಕ್ಕಮಗಳೂರಿನ ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋಗಿ ಎನ್ನಬೇಕು. ಹತ್ತು ನಿಮಿಷದಲ್ಲಿ ಒಂದು ಒಣಗಿದ ಬನಿಯನ್ ಸಿಕ್ಕಿದರೆ ಅದೇ ಪುಣ್ಯ.

ಹಾಗಂತ ಹತ್ತು ನಿಮಿಷ ಸಾಲದು ಎಂದೇನೂ ಅಲ್ಲ. ಧಾರಾಳವಾಗಿ ಸಾಕು. ಹೇಗೆ ಸಾಕು ಎಂಬುದನ್ನೇ ಇಲ್ಲಿ ಹೇಳಬೇಕಿರುವುದು. ಅದಕ್ಕೆ ಮುಂಚೆ ಕಾಲರಿನದೊಂದು ವಿಷಯ ಮುಗಿಸಿಬಿಡೋಣ.

ಎದುರಿಗೆ ಕೂತವರ ಕಣ್ಣು ಮುಖದಿಂದ ಜಾರಿದರೆ ಮೊದಲು ಬೀಳುವುದು ಕಾಲರಿನ ಮೇಲೆ. ಜೇಬಿನ ಕೆಳಗಿನ ಸುಕ್ಕನ್ನು ಯಾರೂ ನೋಡುವುದಿಲ್ಲ. ಪ್ಯಾಂಟಿನೊಳಗೆ ಸೇರಿಹೋಗುವ ಭಾಗವನ್ನಂತೂ ದೇವರೂ ನೋಡುವುದಿಲ್ಲ. ಆದರೂ ಇಸ್ತ್ರಿಗೆ ನಿಂತವರಲ್ಲಿ ಹೆಚ್ಚಿನವರು ಶುರುಮಾಡುವುದು ಬೆನ್ನಿನಿಂದ. ಅಗಲವಾಗಿದೆ, ಸಪಾಟಾಗಿದೆ, ಪೆಟ್ಟಿಗೆ ಸರಾಗವಾಗಿ ಓಡುತ್ತದೆ, ಕೆಲಸ ಸಾಗಿದಂತೆ ಅನಿಸುತ್ತದೆ. ಕಾಲರಿಗೆ ಬರುವಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸುತ್ತದೆ. ಎರಡೆಳೆ ಎಳೆದು ಹಾಕಿಕೊಂಡು ಓಡುತ್ತಾರೆ. ಪೂರಾ ತಲೆಕೆಳಗು. ಮೊದಲು ಕಾಲರು, ಆಮೇಲೆ ಕಫ್, ಆಮೇಲೆ ಗುಂಡಿಪಟ್ಟಿ. ಈ ಮೂರು ನೆಟ್ಟಗಿದ್ದರೆ ಉಳಿದದ್ದನ್ನು ಸ್ವೆಟರ್ ಮುಚ್ಚಿಕೊಳ್ಳುತ್ತದೆ. ಆಷಾಢದ ಚಿಕ್ಕಮಗಳೂರಿನಲ್ಲಿ ಸ್ವೆಟರಿಲ್ಲದೆ ತಿರುಗುವವರು ಪ್ರವಾಸಿಗಳು ಮಾತ್ರ.

ಕಾಲರನ್ನು ಬಿಡಿಸಿ ಚಪ್ಪಟೆಯಾಗಿ ಹಾಸಿ ಮೊದಲು ಒಳಮೈಗೆ, ನಂತರ ಹೊರಮೈಗೆ ಇಸ್ತ್ರಿ ಹಾಕಬೇಕು. ಪೆಟ್ಟಿಗೆ ತುದಿಯಿಂದ ನಡುವಿಗೆ ಬರಬೇಕು; ಆ ತುದಿಯಿಂದ ಒಮ್ಮೆ, ಈ ತುದಿಯಿಂದ ಒಮ್ಮೆ. ನಡುವಿನಿಂದ ತುದಿಗೆ ತಳ್ಳಿದರೆ ಮೇಲಿನ ಪದರದ ಸಡಿಲವೆಲ್ಲ ಚೂಪಿನ ಬಳಿ ಸೇರಿ ಅಲ್ಲೊಂದು ಸಣ್ಣ ಮಡಿಕೆ ಬೀಳುತ್ತದೆ. ಆ ಮಡಿಕೆ ಸರಿಯಾಗಿ ಎದೆಯ ಮೇಲೆ, ಜನ ನೋಡುವ ಜಾಗದಲ್ಲೇ ಕೂರುತ್ತದೆ. ತುದಿಯಿಂದ ನಡುವಿಗೆ ಬಂದರೆ ಸುಕ್ಕು ಉಳಿದರೂ ಉಳಿಯುವುದು ಕತ್ತಿನ ಹಿಂದೆ. ಅದನ್ನು ನೋಡುವವರು ಬಸ್ಸಿನ ಹಿಂದಿನ ಸೀಟಿನವರು, ಅವರಿಗೆ ಅವರದೇ ಕಾಲರಿನ ಚಿಂತೆ.

ಕಾಲರಿನೊಳಗೆ ಒಂದು ಗಟ್ಟಿ ಬಟ್ಟೆ ಇರುತ್ತದೆ. ದರ್ಜಿಗಳು ಅದಕ್ಕೆ ಕ್ಯಾನ್ವಾಸ್ ಅನ್ನುತ್ತಾರೆ. ಈಗಿನ ಶರ್ಟುಗಳಲ್ಲಿ ಅದನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿರುತ್ತಾರೆ. ಅಂಟು ಕಳಪೆಯಾದರೆ, ಅಥವಾ ಪೆಟ್ಟಿಗೆ ಅತಿಯಾಗಿ ಕಾದಿದ್ದರೆ, ಅಲ್ಲಲ್ಲಿ ಬಿಟ್ಟುಕೊಂಡು ಕಾಲರಿನ ಮೈಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕಾಲರನ್ನು ಒತ್ತಿ ಒತ್ತಿ ಸರಿಮಾಡಲು ಹೊರಡುವುದು ಬೆಳಗಿನ ಹೊತ್ತಿನ ಅತಿ ದೊಡ್ಡ ದಂಡ. ಅದು ದರ್ಜಿಯ ಕೆಲಸ, ಇಲ್ಲದಿದ್ದರೆ ಆ ಶರ್ಟು ತೋಟಕ್ಕೆ. ಅಂಚು ಸವೆದ ಕಾಲರಾದರೆ ಮಾತ್ರ ಇನ್ನೂ ಆಯುಸ್ಸಿದೆ: ಹೊಲಿಗೆ ಬಿಚ್ಚಿ, ಒಳಮೈಯನ್ನು ಹೊರಗೆ ತಿರುಗಿಸಿ ಮತ್ತೆ ಹೊಲಿಯಬಹುದು. ಹಳೆಯ ದರ್ಜಿಗಳು ಇದನ್ನು ಕೂತಲ್ಲೇ ಮಾಡಿಕೊಡುತ್ತಿದ್ದರು. ಈಗ ಕೇಳಿದರೆ ಹೊಸ ಶರ್ಟು ತಗೊಳ್ಳಿ ಅನ್ನುತ್ತಾರೆ. ಕೇಳಿದ್ದೇ ಅವಮಾನ ಎಂಬ ದನಿಯಲ್ಲಿ.

ಶರ್ಟಿನೊಳಗೆ ಹೊಲಿದ ಲೇಬಲ್ಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಚಿತ್ರ, ಚಿತ್ರದೊಳಗೆ ಚುಕ್ಕೆಗಳು ಇರುತ್ತವೆ. ಮೂರು ಚುಕ್ಕೆ ಎಂದರೆ ತಳದ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬಹುದು, ಹತ್ತಿಗೆ ನಡೆಯುತ್ತದೆ. ಎರಡಕ್ಕೆ ಸುಮಾರು 150, ಒಂದಕ್ಕೆ ಸುಮಾರು 110. ಪಾಲಿಯೆಸ್ಟರ್ ಬೆರೆತದ್ದನ್ನು ಹತ್ತಿಯ ಬಿಸಿಯಲ್ಲಿ ಉಜ್ಜಿದರೆ ಎಳೆ ಮೆತ್ತಗಾಗಿ ಚಪ್ಪಟೆಯಾಗಿ, ಆ ಜಾಗ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಆ ಹೊಳಪು ಮತ್ತೆ ಹೋಗುವುದಿಲ್ಲ. ಕಪ್ಪು, ಕಡುನೀಲಿ ಪ್ಯಾಂಟುಗಳಿಗೆ ಒಳಮೈ ಹೊರಗೆ ಮಾಡಿಯೇ ಇಸ್ತ್ರಿ ಹಾಕಬೇಕೆನ್ನುವುದು ಇದೇ ಕಾರಣಕ್ಕೆ.

ಹತ್ತಿಬಟ್ಟೆ ಕೊಂಚ ಹಸಿಯಾಗಿದ್ದರೇ ಇಸ್ತ್ರಿ ಕೂರುವುದು. ಎಳೆಯೊಳಗಿನ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ, ಬಿಸಿ ಮತ್ತು ಭಾರ ಅವನ್ನು ನೆಟ್ಟಗೆ ಕೂರಿಸುತ್ತವೆ, ಒಣಗಿದಾಗ ಅದೇ ಆಕಾರ ನಿಲ್ಲುತ್ತದೆ. ಲೋಕವೆಲ್ಲ ಇದಕ್ಕಾಗಿ ನೀರು ಚಿಮುಕಿಸಿಕೊಳ್ಳುತ್ತದೆ. ಮಲೆನಾಡಿನವರಿಗೆ ಆ ಖರ್ಚಿಲ್ಲ. ಇಲ್ಲಿನ ತೊಂದರೆ ಇನ್ನೊಂದು ಕಡೆಯದು: ಆವಿ ಏಳುವುದು ಪೂರ್ತಿ ನಿಲ್ಲುವವರೆಗೆ ಪೆಟ್ಟಿಗೆ ಆಡಿಸಬೇಕು. ಅರ್ಧ ಹಸಿಯಿರುವಾಗಲೇ, ಬೆಚ್ಚಗಿದೆ ಎಂಬ ಸುಖಕ್ಕೆ ಶರ್ಟನ್ನು ಮೈಗೇರಿಸಿದರೆ ಮೊಣಕೈ ಮಡಿಕೆ, ಸೀಟಿಗೆ ಒರಗಿದ ಬೆನ್ನಿನ ಮಡಿಕೆ ಹಾಗೆ ಹಾಗೇ ಅಚ್ಚಾಗುತ್ತವೆ. ಇಸ್ತ್ರಿಯಾದ ಮೇಲೆ ಹ್ಯಾಂಗರಿನಲ್ಲಿ ಕನಿಷ್ಠ 5 ನಿಮಿಷ ಆರಬೇಕು. ಬೆಳಗಿನ ಹತ್ತು ನಿಮಿಷದಲ್ಲಿ ಐದನ್ನು ಹ್ಯಾಂಗರಿಗೆ ಕೊಡುವಷ್ಟು ಉದಾರಿಗಳು ಯಾರೂ ಇಲ್ಲವಾದ್ದರಿಂದ ಇಸ್ತ್ರಿ ಹಿಂದಿನ ರಾತ್ರಿಯ ಕೆಲಸ. ರಾತ್ರಿ ಕರೆಂಟಿದ್ದರೆ. ಇಲ್ಲದಿದ್ದರೆ ಅಟ್ಟದಿಂದ ಕೆಂಡದ ಪೆಟ್ಟಿಗೆ ಇಳಿಸಬೇಕು. ಅದು ಒತ್ತುವುದನ್ನು ತನ್ನ ಭಾರದಿಂದಲೇ ಮಾಡುತ್ತದೆ, ಆದರೆ ಬದಿಯ ತೂತಿನಿಂದ ಬೂದಿ ಉದುರಿಸುತ್ತದೆ. ಬಿಳಿ ಶರ್ಟಾದರೆ ನಡುವೆ ಒಂದು ತೆಳು ಪಂಚೆ ಹಾಸಿಕೊಳ್ಳುವುದು ಕ್ಷೇಮ.

ಇದೆಲ್ಲ ಶರ್ಟು ಒಣಗಿದ ಮೇಲಿನ ಮಾತು.

"ಅಮ್ಮಾ, ನನ್ನ ಬಿಳಿ ಶರ್ಟ್ ಒಣಗಿದ್ಯಾ?"

"ಒಣಗಿದ ಹಾಗೇ ಇದೆ ನೋಡು ಮಗಾ."

ಈ 'ಒಣಗಿದ ಹಾಗೇ' ಎಂಬ ಸ್ಥಿತಿಯಲ್ಲಿ ಮಲೆನಾಡಿನ ಬಟ್ಟೆಗಳು ಮೂರು ತಿಂಗಳು ಬದುಕುತ್ತವೆ. ಅರಸೀಕೆರೆಯಲ್ಲಿ ಬೆಳಿಗ್ಗೆ ಹರವಿದ್ದನ್ನು ಮಧ್ಯಾಹ್ನ ಮಡಿಚಿಡುತ್ತಾರೆ. ಅದೇ ಹಾಸನ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಸಕಲೇಶಪುರದ ಆಚೆ, ಬಟ್ಟೆ ಜಗಲಿಯ ಗಳದಿಂದ ಬಚ್ಚಲಿನ ಗಳಕ್ಕೆ, ಅಲ್ಲಿಂದ ಫ್ಯಾನಿನ ಕೆಳಗೆ ದೇಶಾಂತರ ಹೋಗುತ್ತಿರುತ್ತದೆ. ಬಚ್ಚಲೊಲೆಯ ಮೇಲೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆಯ ವಾಸನೆ ಅಂಟಿಕೊಂಡರೆ ಮೀಟಿಂಗಿನಲ್ಲಿ ಪಕ್ಕದವರು ಒಂದೆರಡು ಸಲ ಮೂಗೆಳೆದು ಸುತ್ತ ನೋಡುತ್ತಾರೆ. ಒಲೆ ಆರಿಸಿ ಕೆಂಡ ಮಾತ್ರ ಉಳಿದ ಮೇಲೆ ಹರವಬೇಕು. ಮೊದಲು ಒಣ ಟವೆಲಿನಲ್ಲಿ ಶರ್ಟನ್ನು ಸುರುಳಿ ಸುತ್ತಿ, ಮೊಣಕಾಲಿನಿಂದ ಒತ್ತಿದರೆ ನೀರು ಬಹಳ ಮಟ್ಟಿಗೆ ಟವೆಲಿಗೆ ಹೋಗುತ್ತದೆ. ಕಡೆಯದಾಗಿ ಒಣಗುವುದು ಪದರ ಹೆಚ್ಚಿರುವ ಕಾಲರು, ಕಫ್, ಗುಂಡಿಪಟ್ಟಿ. ಅಂದರೆ ಮೊದಲು ಪೆಟ್ಟಿಗೆ ಬೀಳಬೇಕಾದ ಮೂರೇ ಜಾಗ. ಇಷ್ಟು ಹೊಂದಿಕೊಂಡು ಬಂದಿರುವಾಗ ಬೆನ್ನಿನಿಂದ ಶುರುಮಾಡುವವರಿಗೆ ಏನು ಹೇಳುವುದು.

ಮೂರು ದಿನ ಹಸಿಯಾಗಿಯೇ ಉಳಿದ ಬಟ್ಟೆಯ ಮುಗ್ಗು ವಾಸನೆ ಬ್ಯಾಕ್ಟೀರಿಯಾದ ಕೃಪೆ. ಅದರ ಮೇಲೆ ಸೆಂಟು ಹೊಡೆದರೆ ಸೆಂಟಿನದೂ ಮುಗ್ಗಿನದೂ ಎರಡೂ ಬರುತ್ತದೆ. ಬಿಸಿನೀರಿನಲ್ಲಿ ಮತ್ತೊಮ್ಮೆ ಒಗೆಯುವುದೊಂದೇ ದಾರಿ. ಕಾಲರಿನ ಒಳಗಿನ ಕಪ್ಪುಗೆರೆ ಕತ್ತಿನ ಜಿಡ್ಡು ಮತ್ತು ಧೂಳು. ಬ್ರಷ್ಷಿನಿಂದ ಜೋರಾಗಿ ತಿಕ್ಕಿದರೆ ಗೆರೆಗಿಂತ ಮೊದಲು ಕಾಲರು ಹೋಗುತ್ತದೆ. ನೆನೆಸುವ ಮುಂಚೆ ಪಾತ್ರೆ ತೊಳೆಯುವ ದ್ರವವನ್ನೋ ಶಾಂಪೂವನ್ನೋ ನಾಲ್ಕು ಹನಿ ಸವರಿ ಅರ್ಧ ಗಂಟೆ ಬಿಟ್ಟರೆ ಸಾಕು. ಕಂಕುಳಿನ ಹಳದಿಗೆ ಬ್ಲೀಚಿಂಗ್ ಹಾಕುವವರಿದ್ದಾರೆ. ಬೆವರಿನ ಅಂಶದ ಜೊತೆ ಕ್ಲೋರಿನ್ ಸೇರಿ ಹಳದಿ ಇನ್ನಷ್ಟು ಗಾಢವಾಗುತ್ತದೆ, ಆಗ ಶರ್ಟು ಕಂಪನಿಯವರನ್ನು ಬಯ್ಯುತ್ತಾರೆ.

ಇಷ್ಟೆಲ್ಲ ಪಾಡಿನ ನಡುವೆ ಯಾರಾದರೊಬ್ಬರು ಬೇಲೂರಿನ ದರ್ಪಣ ಸುಂದರಿಯನ್ನು ತೋರಿಸಿ ನಮ್ಮ ಜನಕ್ಕೆ ಅಲಂಕಾರ ರಕ್ತದಲ್ಲೇ ಬಂದಿದೆ ಎನ್ನುತ್ತಾರೆ. ಬಂದಿರಬಹುದು. ಆ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ; ಒಂಬೈನೂರು ವರ್ಷವಾದರೂ ಆಕೆ ಕನ್ನಡಿ ಕೆಳಗಿಟ್ಟಿಲ್ಲ. ಆದರೆ ಆಕೆ ನಿಂತಿರುವ ಜಾಗವನ್ನೂ ನೋಡಬೇಕು: ಗೋಡೆಯ ಮೇಲ್ತುದಿಯಲ್ಲಿ, ಸೂರಿನ ಅಡಿಗೆ ಓರೆಯಾಗಿ. ಎಂಥ ಮಳೆ ಬಂದರೂ ಸೂರು ತಡೆಯುತ್ತದೆ. ಬಟ್ಟೆ ಬಳಪದ ಕಲ್ಲಿನದು, ಸುಕ್ಕಾಗುವುದಿಲ್ಲ. ಹಿಡಿಯಬೇಕಾದ ಬಸ್ಸೂ ಇಲ್ಲ.

ಸೀರೆಯವರ ಕಷ್ಟ ಬೇರೆ. ಬೇಸಿಗೆಯಲ್ಲಿ ತಿಳಿಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಮೂರರಷ್ಟು ನೀರು ಬೆರೆಸಿ ಅದ್ದಿದರೆ ಹತ್ತಿಸೀರೆ ನಿರಿಗೆ ಹಿಡಿದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಅದೇ ಗಂಜಿ ಗಾಳಿಯ ತೇವಕ್ಕೆ ಪಿಚಪಿಚ ಎಂದು ಬೂಷ್ಟು ಹಿಡಿಯುತ್ತದೆ. ಆಷಾಢಕ್ಕೆ ಗಂಜಿ ಬಿಡಿ. ರಾತ್ರಿಯೇ ಸೆರಗಿನ ಮಡಿಕೆ ಹಿಡಿದು ಹೆಗಲ ಬಳಿ ಪಿನ್ನು ಹಾಕಿ, ನಡುವಿನ ನಿರಿಗೆ ಆರೋ ಏಳೋ, ನಾಲ್ಕೈದು ಇಂಚು ಅಗಲಕ್ಕೆ ಹಿಡಿದು, ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಮೇಲೆ ಪೆಟ್ಟಿಗೆ ಆಡಿಸಿಟ್ಟರೆ ಬೆಳಿಗ್ಗೆ ಉಡಲು ಮೂರು ನಿಮಿಷ.

ಗಡ್ಡ ಸ್ನಾನಕ್ಕೆ ಮುಂಚೆ ಅಲ್ಲ, ಸ್ನಾನವಾದ ಮೇಲೆ. ಹಂಡೆಯ ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ಮೆತ್ತಗಾಗಿರುತ್ತದೆ, ಬ್ಲೇಡು ಎಳೆಯುವುದಿಲ್ಲ. ಕತ್ತಿನ ಕೆಳಗೆ ಕೂದಲು ಬೆಳೆಯುವ ದಿಕ್ಕು ಕೆನ್ನೆಯದಕ್ಕಿಂತ ಬೇರೆ. ಬೆರಳಾಡಿಸಿ ನೋಡದೆ ಹೊಡೆದರೆ ಕೆಂಪು ಗುಳ್ಳೆ, ಆ ಗುಳ್ಳೆಯ ಮೇಲೆ ದಿನವಿಡೀ ಕಾಲರು. ನೆನೆದ ಬೂಟಿನೊಳಗೆ ಹಳೆಯ ಪೇಪರ್ ತುರುಕಿ ಒಂದು ಗಂಟೆಯಾದ ಮೇಲೆ ಬದಲಿಸಬೇಕು, ಒಲೆಯ ಬುಡದಲ್ಲಿಟ್ಟರೆ ಚರ್ಮ ಬಿರಿಯುತ್ತದೆ. ಪಾಲಿಶ್ ತೆಳ್ಳಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬ್ರಷ್. ಅದೂ ರಾತ್ರಿಯದೇ.

ಹವಾಯಿ ಚಪ್ಪಲಿಯಲ್ಲಿ ಬಸ್‌ಸ್ಟಾಪಿಗೆ ಹೋಗಿ ಅಲ್ಲಿ ಬೂಟು ಹಾಕಿಕೊಳ್ಳುವ ಜಾಣರು, ಆ ಚಪ್ಪಲಿಯ ಹಿಮ್ಮಡಿ ಪ್ರತಿ ಹೆಜ್ಜೆಗೂ ಕೆಸರನ್ನು ಪ್ಯಾಂಟಿನ ಹಿಂಬದಿಗೆ ಎಸೆಯುತ್ತದೆ ಎಂಬುದನ್ನು ಮರೆಯುತ್ತಾರೆ. ಮೊಣಕಾಲಿನವರೆಗೆ ಮಡಿಚಿಕೊಂಡು ನಡೆಯಿರಿ. ಆದರೂ ಸಿಡಿದರೆ ಹಸಿ ಕೆಸರನ್ನು ಕರ್ಚೀಫಿನಿಂದ ಒರೆಸಬೇಡಿ, ಅದು ಎಳೆಯೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು ಕೊಡವಿದರೆ ಮುಕ್ಕಾಲುಪಾಲು ಹೋಯಿತು.

ಇನ್ನು ಆ ಹತ್ತು ನಿಮಿಷ. ರಾತ್ರಿ ಇಷ್ಟನ್ನೂ ಮಾಡಿಟ್ಟವರಿಗೆ ಬೆಳಿಗ್ಗೆ ಹತ್ತು ನಿಮಿಷ ಯಾಕೆ ಬೇಕು ಎಂಬುದೇ ಅರ್ಥವಾಗುವುದಿಲ್ಲ. ಮಾಡದವರಿಗೆ ಒಂದು ಗಂಟೆ ಕೊಟ್ಟರೂ ಅಷ್ಟೇ. ಕೂದಲಿನ ವಿಷಯ ಬೇರೆಯೇ ಇದೆ, ಅದಕ್ಕೆ ಇಲ್ಲಿ ಜಾಗವಿಲ್ಲ. ಕೊಡೆ ಮಾತ್ರ ಉದ್ದ ಹಿಡಿಕೆಯದೇ ಆಗಿರಲಿ. ಬಸ್ಸಿನಲ್ಲಿ ಅದನ್ನು ತುದಿ ಕೆಳಗೆ ಮಾಡಿ ಕಾಲಿನಿಂದ ದೂರ ನಿಲ್ಲಿಸಬಹುದು. ಮೂರು ಮಡಿಕೆಯ ಸಣ್ಣ ಕೊಡೆಯನ್ನು ಹಸಿಯಾಗಿಯೇ ಮಡಚಿ ಕಂಕುಳಲ್ಲಿ ಅವುಚಿಕೊಂಡು, ಇಸ್ತ್ರಿ ಮಾಡಿದ ಶರ್ಟಿನ ಒಂದು ಪಕ್ಕವನ್ನು ಪೂರ್ತಿ ನೆನೆಸಿಕೊಂಡು ಇಳಿಯುವವರಿಗೆ ಏನೂ ಹೇಳುವ ಹಾಗಿಲ್ಲ. ಪಕ್ಕದ ಸೀಟಿನವರದೂ ಒಂದು ಪಕ್ಕ ನೆಂದಿರುತ್ತದೆ, ಹೇಳುವುದಿದ್ದರೆ ಅವರೇ ಹೇಳಲಿ.