ನಿಂಬೆರಸಕ್ಕೆ ಕರಗದ ಕೊಲೆಸ್ಟ್ರಾಲ್

ಮಂಡ್ಯ ಕಡೆಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ಕೊಲೆಸ್ಟ್ರಾಲ್ ಬರುವುದು ಎಣ್ಣೆ, ಮಾಂಸ ಜಾಸ್ತಿ ತಿನ್ನುವ ದಪ್ಪ ಜನರಿಗೆ ಮಾತ್ರ, ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದರೆ ಕರಗುತ್ತದೆ ಅಂತ. ಕಳಿಸುವವರು ನಮ್ಮ ಒಳ್ಳೆಯದಕ್ಕೇ ಕಳಿಸುತ್ತಾರೆ. ಆದರೆ ಮಾತು ತಪ್ಪು.

ಕೊಲೆಸ್ಟ್ರಾಲ್ ಬಹುಪಾಲು ತಯಾರಾಗುವುದು ನಮ್ಮ ದೇಹದಲ್ಲೇ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಹಿಡಿದು ತೆಗೆಯುವುದು ಲಿವರ್. ಆ ಕೆಲಸದ ಜೀನ್ ಕೆಟ್ಟಿದ್ದರೆ ಸಣಕಲು ಮಗುವಿಗೂ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರುವುದು ಬಹಳ ಅಪರೂಪ. ಆದರೆ ಬಂತೆಂದರೆ ಚಿಕ್ಕ ವಯಸ್ಸಿನಲ್ಲೇ ಹೃದಯಕ್ಕೆ ಪೆಟ್ಟು. ನಮ್ಮಲ್ಲಿ ಸೋದರಿಕೆಯ ಮದುವೆ ಉಂಟಲ್ವಾ, ಅಲ್ಲಿ ಇದರ ಸಾಧ್ಯತೆ ಜಾಸ್ತಿ.

ಮಗುವಿಗೆ ಸ್ನಾನ ಮಾಡಿಸುವಾಗ ಮೊಣಕೈ, ಮಂಡಿ, ಹಿಮ್ಮಡಿ ನೋಡಿ. ಕಡಲೆಕಾಳಿನಷ್ಟು ಹಳದಿ ಗಂಟು ಇದ್ದು, ನೋವಿಲ್ಲದಿದ್ದರೆ ಅದು ಅಲ್ಲಿ ಸೇರಿಕೊಂಡ ಕೊಲೆಸ್ಟ್ರಾಲ್ ಇರಬಹುದು. ನರಹುಲಿ ಅಂದುಕೊಂಡು ಸುಮ್ನೆ ಸುಣ್ಣ ಹಚ್ಚಬೇಡಿ, ದಯವಿಟ್ಟು. ಲಿಪಿಡ್ ಪ್ರೊಫೈಲ್ ಮಾಡಿಸಿ, ಅದು ಮಾಮೂಲಿ ರಕ್ತ ಪರೀಕ್ಷೆ. ಎಲ್‌ಡಿಎಲ್ ದೊಡ್ಡವರಲ್ಲಿ 190, ಮಕ್ಕಳಲ್ಲಿ 160 ದಾಟಿದರೆ ವೈದ್ಯರು ಮನೆತನದ ಬಗ್ಗೆ ಕೇಳುತ್ತಾರೆ. ಮನೆಯಲ್ಲಿ 55 ವರ್ಷದೊಳಗೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ? ನೆನಪಿಸಿಕೊಂಡು ಹೇಳಿ. ಅನುಮಾನವಿದ್ದರೆ ಜೀನ್ ಪರೀಕ್ಷೆ, ಆಮೇಲೆ ಒಡಹುಟ್ಟಿದವರಿಗೂ ಪರೀಕ್ಷೆ.

ಇಂಥ ಮೆಸೇಜ್ ಬಂದಾಗ ತಾರೀಕು ಇದೆಯಾ, ಯಾರು ಯಾರ ಮೇಲೆ ಪರೀಕ್ಷಿಸಿದರು ಅಂತ ಇದೆಯಾ ನೋಡಿ. ಕುಡಿಯುವ ಮೊದಲಿನ, ಆಮೇಲಿನ ರಿಪೋರ್ಟ್ ಕೇಳಿ. ಅನುಮಾನವಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೇ ಮೆಸೇಜ್ ತೋರಿಸಿ. ನಿಂಬೆರಸ ಬೇಕಿದ್ದರೆ ಕುಡಿಯಿರಿ, ಆದರೆ ವೈದ್ಯರು ಕೊಲೆಸ್ಟ್ರಾಲ್‌ಗೆ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.