ಎಲ್‌ಕೆಜಿ ಪ್ರಾಜೆಕ್ಟು ಮತ್ತು ಅಪ್ಪನ ಎಡಗೈ

ಭಾನುವಾರ ರಾತ್ರಿ ಸ್ಟೇಷನರಿ ಅಂಗಡಿ ಮುಂದೆ ನಿಂತ ಗಂಡಸರನ್ನು ನೋಡಿದ್ದೀರಲ್ವಾ? ಶಟರ್ ಅರ್ಧ ಇಳಿದಿರುತ್ತದೆ. ಒಬ್ಬರಿಗೆ ಥರ್ಮಾಕೋಲ್ ಶೀಟು ಬೇಕು, ಇನ್ನೊಬ್ಬರಿಗೆ ಐಸ್‌ಕ್ರೀಮ್ ಕಡ್ಡಿ, ಮತ್ತೊಬ್ಬರಿಗೆ ಗ್ಲೂ ಗನ್ನು. ಇವರೆಲ್ಲ ಎಲ್‌ಕೆಜಿ ವಿದ್ಯಾರ್ಥಿಗಳು. ಇವರ ಮಕ್ಕಳು ಮನೆಯಲ್ಲಿ ಹಾಯಾಗಿ ಮಲಗಿರುತ್ತವೆ.

ಬೆಂಗಳೂರಿನಲ್ಲಿ ಇದಕ್ಕೆ ‘ಪ್ರಾಜೆಕ್ಟ್ ಬೇಸ್ಡ್ ಲರ್ನಿಂಗ್’ ಅನ್ನುತ್ತಾರೆ. ವಾಟ್ಸಾಪ್ ಗ್ರೂಪಿಗೆ ಮೆಸೇಜು ಬೀಳುತ್ತದೆ. ಸೋಮವಾರ ಸೌರಮಂಡಲದ ಮಾಡೆಲ್ ತರಬೇಕು, ಮಗುವೇ ಮಾಡಿರಬೇಕು. ಚಡ್ಡಿ ಗುಂಡಿ ಹಾಕಿಕೊಳ್ಳಲು ಬಾರದ ನಾಲ್ಕು ವರ್ಷದ ಕೂಸು ಶನಿಗ್ರಹಕ್ಕೆ ಬಳೆ ತೊಡಿಸಬೇಕು! ಆಸೆಯಿಂದ ಕೈ ಹಾಕಿದರೆ ಅಮ್ಮ ರೇಗುತ್ತಾಳೆ: “ಮುಟ್ಬೇಡ, ಹಾಳಾಗುತ್ತೆ. ನಿನ್ನ ಪ್ರಾಜೆಕ್ಟು ಕಣೋ ಅದು!”

ಇನ್ನು ಅಪ್ಪಂದಿರ ಕಸುಬುದಾರಿಕೆ. ಎಂಜಿನಿಯರಿಂಗ್ ಓದಿದವರು, ನೀಟಾಗಿ ಮಾಡಿದರೆ ಟೀಚರಿಗೆ ಗೊತ್ತಾಗುತ್ತೆ. ಅದಕ್ಕೆ ಗುರುಗ್ರಹಕ್ಕೆ ಎಡಗೈಯಲ್ಲಿ ಬಣ್ಣ ಬಳಿಯುತ್ತಾರೆ. ಗೆರೆ ಅಲ್ಲಲ್ಲಿ ದಾಟಬೇಕು, ಆದರೆ ಪಕ್ಕದ ಮನೆ ಮಗುವಿನ ಅಪ್ಪನಷ್ಟು ದಾಟಬಾರದು.

ಪದ್ಧತಿಯನ್ನು ಬೈಯುವ ಹಾಗಿಲ್ಲ. ಮಗು ತಾನೇ ಮನಸ್ಸಿಟ್ಟು ಒಂದು ಕೆಲಸ ಹಿಡಿದು ಕಲಿಯಲಿ ಅಂತ ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಬರೆದಿದ್ದರು. ಪುಟ್ಟ ಮಕ್ಕಳ ಪ್ರಾಜೆಕ್ಟು ಕಲಿಕೆಗೇ ಹೆಸರಾದ ಇಟಲಿಯ ರೆಜಿಯೊ ಎಮಿಲಿಯಾ ಊರಿನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿನ ಒಂದು ಹಳ್ಳಿಯ ಜನ 1945ರಲ್ಲಿ, ಜರ್ಮನ್ನರು ಬಿಟ್ಟು ಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ, ಆ ದುಡ್ಡಲ್ಲಿ ತಾವೇ ಇಟ್ಟಿಗೆ ಹೊತ್ತು ಪುಟ್ಟ ಮಕ್ಕಳಿಗೆ ಶಾಲೆ ಕಟ್ಟಿದರು. ಅಂದರೆ ಅಪ್ಪ ಅಮ್ಮ ಶಾಲೆ ಕಟ್ಟಿದರು, ಪ್ರಾಜೆಕ್ಟು ಮಕ್ಕಳು ಮಾಡಿದರು. ನಾವು ಫೀಸೂ ಕಟ್ಟುತ್ತೇವೆ, ಪ್ರಾಜೆಕ್ಟೂ ಮಾಡುತ್ತೇವೆ. ನಮ್ಮ ಬಳಿ ಮಾರಲು ಟ್ಯಾಂಕು ಬೇರೆ ಇಲ್ಲ.

ನಮ್ಮ ಸರ್ಕಾರದ ಕಾಗದವೂ ಚೆನ್ನಾಗಿಯೇ ಇದೆ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರು ಆಟ ಆಡುತ್ತಲೇ ಕಲಿಯಲಿ ಅನ್ನುತ್ತದೆ. ಯಾರು ಆಡಬೇಕು ಅನ್ನುವುದರಲ್ಲಿ ಸ್ವಲ್ಪ ಗೊಂದಲ ಆಗಿರಬೇಕು.

ಟೀಚರನ್ನು ಬೈಯಲೂ ಮನಸ್ಸು ಬರಲ್ಲ. ಸಂಬಳ ಕಮ್ಮಿ, ಮಕ್ಕಳು ಜಾಸ್ತಿ, ಮ್ಯಾನೇಜ್‌ಮೆಂಟಿಗೆ ಸಂಜೆಯೊಳಗೆ ಫೋಟೊ ಬೇಕು. ಆದರೆ ಸಾಕಾಗಿದೆ. ಮೊನ್ನೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ಒಂದು ಹುಡುಗಿ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದಳು. ಸಾಲಿಗೆ ಅಡ್ಡ ಎಲೆ ಇಟ್ಟಳು. ಇರುವೆಗಳು ಸುತ್ತಿ ಹೋದವು. ಎಲೆ ತೆಗೆದು ಚಪ್ಪಲಿ ಇಟ್ಟಳು. ಅದಕ್ಕಿಂತ ದೊಡ್ಡ ಪ್ರಾಜೆಕ್ಟು ಯಾವುದ್ರೀ? ಅಷ್ಟರಲ್ಲಿ ಅವಳಪ್ಪ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಮನೆಯಲ್ಲಿ ‘ಕೀಟಗಳ ಲೋಕ’ ಚಾರ್ಟಿಗೆ ಅವಳ ಹೆಸರು ಬರೆಯುವುದು ಬಾಕಿ ಇತ್ತಂತೆ.

ಇಷ್ಟಾದ ಮೇಲೆ ನಾಚಿಕೆ ಯಾಕೆ? ಸರ್ಟಿಫಿಕೇಟಿನಲ್ಲಿ ಅಪ್ಪ ಅಮ್ಮಂದಿರ ಹೆಸರನ್ನೇ ಹಾಕಿಬಿಡಿ. ಮಧ್ಯಾಹ್ನ ಚಾಪೆ ಹಾಸಿ ಮಲಗಿಸುವ ಪೀರಿಯಡ್ಡು ಇದೆಯಲ್ಲ, ಅದನ್ನೂ ನಮಗೇ ಕೊಡಿ.