ಹೀಟರ್ ಕೆಡ್ತದೆ ಮಾರಾಯ್ರೆ, ಯಾವ ಕಡೆ ಕೆಡ್ತದೆ ಅದನ್ನ ಹೇಳಿ!

ಇವತ್ತು ಪೇಟೆಗೆ ಹೋದವಳು ಮೀನಿನ ಆಹಾರದ ಡಬ್ಬಿ ತಗೊಂಡು ಸುಮ್ಮನೆ ಬಂದಿದ್ದರೆ ಸಂಜೆ ಹಾಳಾಗುತ್ತಿರಲಿಲ್ಲ. ಅಂಗಡಿಯಲ್ಲಿ ಪಿಯುಸಿ ವಯಸ್ಸಿನ ಒಬ್ಬ ಹುಡುಗ ಎರಡಡಿ ಟ್ಯಾಂಕಿಗೆ ಹೀಟರ್ ಕೇಳ್ತಾ ನಿಂತಿದ್ದ. ಏಂಜೆಲ್ ಮೀನು ತಂದಿದ್ದಾನಂತೆ, ರಾತ್ರಿ ಚಳಿಗೆ ಮೂಲೆ ಸೇರಿಬಿಡ್ತವಂತೆ. ಅಂಗಡಿಯವರು ಕಪಾಟಿನಿಂದ 300 ವ್ಯಾಟಿನದ್ದು ಇಳಿಸಿ ಕೈಗೆ ಕೊಟ್ಟರು. "ದೊಡ್ಡದೇ ತಗೊ ತಮ್ಮಾ, ಬೇಗ ಬಿಸಿಯಾಗ್ತದೆ. ಆಟೋ ಕಟ್ ಉಂಟು, ಬಿಸಿಯಾದ ಮೇಲೆ ತಾನೇ ಆಫ್ ಆಗ್ತದೆ, ಹಾಕಿ ಮರೆತುಬಿಡು."

ಹಾಕಿ ಮರೆತುಬಿಡು ಅಂತೆ!

ನನಗೆ ಬಾಯಿ ಕಟ್ಟಿಕೊಂಡು ನಿಲ್ಲೋದು ಬರೋದಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. "ಹೀಟರನ್ನು ಹೊರಗಿನಿಂದ ಆನ್ ಆಫ್ ಮಾಡುವ ಬೇರೆ ಕಂಟ್ರೋಲರ್ ಇಟ್ಟಿದ್ದೀರಾ?" ಅಂದೆ. ಅವರು ನನ್ನ ಬೆನ್ನ ಹಿಂದೆ ಇಣುಕಿದರು, ಯಜಮಾನರು ಬಂದಿದ್ದಾರೋ ಅಂತ. ಬಂದಿರಲಿಲ್ಲ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದು ನಾನು, ಅವರಲ್ಲ. "ಅಕ್ಕಾ, ಅದೆಲ್ಲ ಸಾವಿರಾರು ರೂಪಾಯಿ ಮೀನು ಸಾಕುವವರಿಗೆ" ಅಂದು ಮಾತು ಮುಗಿಸಿದರು. ಅಂದರೆ ಕಡಿಮೆ ಬೆಲೆಯ ಮೀನಾದರೆ ಬೇಯಿಸಬಹುದು, ಅಡ್ಡಿಯಿಲ್ಲ.

ಈಗ ಲೆಕ್ಕ ನೋಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಹೆಚ್ಚುಕಡಿಮೆ 50 ಲೀಟರ್ ನೀರು. ಅದರಲ್ಲಿ 300 ವ್ಯಾಟಿನ ಹೀಟರ್ ಉರಿದರೆ ಸುಮಾರು 12 ನಿಮಿಷಕ್ಕೆ ಒಂದು ಡಿಗ್ರಿ ಏರ್ತದೆ. ಆಫ್ ಆಗದೆ ಹಾಗೇ ಉಳಿದರೆ ಎರಡು ತಾಸಿಗೆ ಹತ್ತು ಡಿಗ್ರಿ. ನೀವು ಒಂದು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಟ್ಯಾಂಕು ಬಚ್ಚಲ ಹಂಡೆ. ಅದೇ 50 ವ್ಯಾಟಿನದ್ದಾದರೆ ಒಂದು ಡಿಗ್ರಿಗೆ ಒಂದು ತಾಸು ದಾಟ್ತದೆ, ಮೇಲಿಂದ ಗಾಜಿನ ಮೂಲಕ ಶಾಖ ಸೋರ್ತಾ ಇರ್ತದೆ. ಕೆಟ್ಟರೂ ಮೀನನ್ನು ಕೊಲ್ಲುವಷ್ಟು ತಾಕತ್ತು ಅದಕ್ಕೆ ಸುಲಭಕ್ಕೆ ಬರೋದಿಲ್ಲ. ಲೀಟರಿಗೆ ಒಂದು ವ್ಯಾಟ್ ಅಂತ ಮೀನು ಸಾಕುವವರು ಹೇಳೋದು ಸುಮ್ಮನೆ ಅಲ್ಲ. ದೊಡ್ಡ ಟ್ಯಾಂಕಾದರೆ ಒಂದೇ ದೊಡ್ಡ ಹೀಟರ್ ಬದಲು ಸಣ್ಣವು ಎರಡು ಹಾಕಿ. ಒಂದು ಸತ್ತರೆ ಇನ್ನೊಂದು ಅಷ್ಟಿಷ್ಟು ಹಿಡಿದಿಡ್ತದೆ, ಒಂದಕ್ಕೆ ಹುಚ್ಚು ಹಿಡಿದರೆ ಅದೊಂದರಿಂದಲೇ ನೀರು ಕುದಿಯೋದಿಲ್ಲ.

ಆಟೋ ಕಟ್ ವಿಷಯಕ್ಕೆ ಬರ್ತೇನೆ. ಪಕ್ಕದ ಮನೆಯವರ ಹೀಟರ್ ಕೆಟ್ಟಾಗ ಎಸೆಯಲು ಬಿಡದೆ ತಂದು ಬಿಚ್ಚಿದ್ದೆ. ಒಳಗೆ ಎರಡು ಲೋಹ ಬೆಸೆದ ಒಂದು ತೆಳು ಪಟ್ಟಿ, ಬಿಸಿಗೆ ಬಾಗ್ತದೆ, ತಣ್ಣಗಾದರೆ ನೆಟ್ಟಗಾಗ್ತದೆ. ಅದರ ತುದಿಯಲ್ಲಿ ಸಾಸಿವೆಯಷ್ಟು ಒಂದು ಕಾಂಟ್ಯಾಕ್ಟ್, ತಾಗಿದರೆ ಕರೆಂಟು ಹರಿಯುತ್ತದೆ, ಬಿಟ್ಟರೆ ನಿಲ್ತದೆ. ಪ್ರತಿ ಸಲ ಆನ್ ಆಫ್ ಆಗುವಾಗ ಅಲ್ಲೊಂದು ಕಿಡಿ. ದಿನಕ್ಕೆ ಎಷ್ಟು ಸಲ, ವರ್ಷಕ್ಕೆ ಎಷ್ಟು ಸಲ, ನೀವೇ ಅಂದಾಜು ಮಾಡಿ. ಆ ಹೀಟರಿನ ಕಾಂಟ್ಯಾಕ್ಟು ಕರ್ರಗೆ ಸುಟ್ಟು ಒಂದಕ್ಕೊಂದು ಅಂಟಿಕೊಂಡಿತ್ತು. ಚಾಕುವಿನ ತುದಿ ತೂರಿಸಿ ಮೀಟಿದರೆ ಟಿಕ್ ಅಂತ ಬಿಟ್ಟಿತು. ಇಷ್ಟೇ ನಿಮ್ಮ ಆಟೋ ಕಟ್. ಅದು ಅಂಟಿಕೊಂಡಿತೋ, ಹೀಟರ್ ಆನ್ ಆದದ್ದು ಆನೇ.

ಅದಕ್ಕೇ ನಾನು ಬಡಕೊಳ್ಳೋದು, ಕೆಡ್ತದೋ ಇಲ್ಲವೋ ಅಂತ ಕೇಳಬೇಡಿ, ಯಾವ ಕಡೆ ಕೆಡ್ತದೆ ಕೇಳಿ ಅಂತ. ಆಫ್ ಆಗಿ ಕೆಟ್ಟರೆ ನೀರು ಮೆಲ್ಲಗೆ ತಣಿತದೆ. ಮೀನು ಮಂಕಾಗ್ತದೆ, ತಿನ್ನೋದು ಬಿಡ್ತದೆ, ಬಿಳಿ ಚುಕ್ಕೆ ರೋಗ ಬಂದೀತು. ಆದರೆ ನಿಮಗೆ ನೋಡಿ ಸರಿಮಾಡಲು ಹೊತ್ತಿರ್ತದೆ. ಆನ್ ಆಗಿ ಕೆಟ್ಟರೆ ಆ ಹೊತ್ತೇ ಇಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ದಾಟಿ ಇರುವುದು 35ಕ್ಕೆ ಬಂದಾಗ 7ರ ಒಳಗೆ. ಮೀನಿಗೋ, ಬಿಸಿಯಾದಷ್ಟೂ ಉಸಿರು ಹೆಚ್ಚು ಬೇಕು. ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ, ಆಮೇಲೆ ಬಿಡೋದಿಲ್ಲ.

ಬೇರೆ ಕಂಟ್ರೋಲರ್ ಅಂದರೆ ಏನೋ ಬಾಹ್ಯಾಕಾಶದ ಯಂತ್ರ ಅಂದುಕೊಳ್ಳಬೇಡಿ. ಎಸ್‌ಟಿಸಿ-1000 ಅಂತ ಒಂದು ಸಣ್ಣ ಡಬ್ಬಿ ಸಿಗ್ತದೆ, ಕೆಂಪು ಅಂಕಿ ತೋರಿಸುವಂಥದ್ದು. ವಯರಿನ ತುದಿಯ ಸೆನ್ಸರ್ ನೀರಲ್ಲಿ, ಹೀಟರಿನ ಕರೆಂಟು ಅದರ ರಿಲೇ ಮೂಲಕ, ಅಂದರೆ ಡಬ್ಬಿ ತಾನೇ ಒತ್ತುವ ಸ್ವಿಚ್ಚಿನ ಮೂಲಕ. 26ಕ್ಕೆ ಸೆಟ್ ಮಾಡಿ, ಅರ್ಧ ಡಿಗ್ರಿ ಇಳಿದಾಗ ಮತ್ತೆ ಆನ್ ಆಗುವ ಹಾಗೆ ವ್ಯತ್ಯಾಸ ಕೊಟ್ಟರೆ ಮುಗಿಯಿತು. ಅದರ ಅಂಕಿಯನ್ನೂ ಕಣ್ಣು ಮುಚ್ಚಿ ನಂಬೋದಲ್ಲ, ಒಂದು ಡಿಗ್ರಿ ಆಚೀಚೆ ಇರ್ತದೆ. ಲೋಟದಲ್ಲಿ ಪುಡಿ ಮಂಜುಗಡ್ಡೆ, ಸ್ವಲ್ಪ ನೀರು ಹಾಕಿ ಕಲಸಿ ಸೆನ್ಸರ್ ಅದ್ದಿ, ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಡಬ್ಬಿಯ ಸೆಟ್ಟಿಂಗಿನಲ್ಲಿ ಎಫ್4ಕ್ಕೆ ಹೋಗಿ ತಿದ್ದಿ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿ ಥರ್ಮಾಮೀಟರ್ ಅಂತೂ ನೀರಿನ ಜೊತೆ ಕೋಣೆಯ ಹವೆಯನ್ನೂ ಬೆರೆಸಿ ಹೇಳ್ತದೆ. ಚೆಂದಕ್ಕೆ ಇರಲಿ.

"ಕಂಟ್ರೋಲರಿನ ರಿಲೇಯೂ ಅಂಟಿಕೊಳ್ಳೋದಿಲ್ವಾ?" ಅಂತ ಜಾಣರು ಕೇಳ್ತೀರಿ. ಅಂಟಿಕೊಳ್ತದೆ, ಸ್ವಾಮಿ. ಅದಕ್ಕೇ ಹೀಟರಿನ ಡಿಗ್ರಿ ಸೆಟ್ ಮಾಡುವ ತಿರುಗಣೆಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ಬಿಡಬಾರದು ಅನ್ನೋದು. ಕಂಟ್ರೋಲರ್ 26, ಹೀಟರ್ 28. ಆಗ ಎರಡೂ ಒಟ್ಟಿಗೇ ಕೆಟ್ಟರೆ ಮಾತ್ರ ಅನಾಹುತ. ಸೆನ್ಸರ್ ಜಾರಿ ನೀರಿನಿಂದ ಹೊರಗೆ ಬಿದ್ದರೂ ಇದೇ ಕಾಯೋದು. ಹೊರಗಿನ ಚಳಿಗೆ ಅದು 17 ಅಂತ ಓದಿ ಹೀಟರನ್ನು ಉರಿಸ್ತಲೇ ಇರ್ತದೆ, 28ರಲ್ಲಿ ಹೀಟರೇ ತನ್ನನ್ನು ನಿಲ್ಲಿಸಿಕೊಳ್ಳಬೇಕು. ಸೆನ್ಸರನ್ನು ಹೀಟರಿನಿಂದ ದೂರ ಇಟ್ಟು ಗಟ್ಟಿಯಾಗಿ ಸಿಕ್ಕಿಸಿ. ಹೀಟರ್ ಮಾತ್ರ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ. ನೀರು ಬದಲಿಸುವಾಗ ಪ್ಲಗ್ ಕಿತ್ತು, ಹೀಟರ್ ತಣಿಯಲು ಬಿಟ್ಟು, ಆಮೇಲೆ ನೀರು ತೆಗೀರಿ, ಇಲ್ಲದಿದ್ದರೆ ಹೀಟರಿನ ಗಾಜು ಸೀಳ್ತದೆ. ಮತ್ತೆ ದಯವಿಟ್ಟು ಮನೆಗೆ, ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ನೀರಲ್ಲಿ ಕೈ ಅದ್ದುವವರು ನೀವು, ಅಂಗಡಿಯವರಲ್ಲ.

ಹಳ್ಳಿ ಕಡೆಯವರಿಗೆ ಇನ್ನೊಂದು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 100 ವ್ಯಾಟಿನ ಹೀಟರ್ 60ರ ಕೆಲಸ ಮಾಡ್ತದೆ. "ಹೀಟರ್ ಸರಿಯಿಲ್ಲ" ಅಂತ ವಾಪಸ್ ಕೊಡುವ ಮುಂಚೆ ಮಲ್ಟಿಮೀಟರ್ ಹಿಡೀರಿ.

ನಮ್ಮ ಭಾವನ ವಾದ ಬೇರೆ. "ಮೀನಿಗೆ ಚಳಿ ಆಗ್ತ? ಎಂಥಾ ಮಾತಾಡ್ತೆ ಮಾರಾಯ್ತಿ! ಶಾಲ್ಮಲೆ ಹೊಳೆಯಲ್ಲಿ ಯಾರು ಹೀಟರ್ ಹಾಕಿದ್ದ?" ಸಹಸ್ರಲಿಂಗದ ಹೊಳೆ ಮೀನಿಗೆ ಯಾರೂ ಹಾಕಿಲ್ಲ ಭಾವ, ಅದು ಅದರದ್ದೇ ಊರು. ಏಂಜೆಲ್ ಮೀನಿನ ಊರು ಅಮೆಜಾನ್. ಗೋಲ್ಡ್‌ಫಿಶ್ ಸಾಕುವವರಿಗೂ ಹೀಟರ್ ಬೇಡ, ಅದು ತಣ್ಣೀರಿನದ್ದು, ನಿಮ್ಮ ದುಡ್ಡು ಉಳಿಯಿತು. ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿಯಲ್ಲಿ ಬೆಳಗಿನ ಜಾವ ಎರಡು ಕಂಬಳಿ ಹೊದ್ದು ಮಲಗುವವನು ಮೀನಿಗೆ ಚಳಿಯೇ ಅಂತ ಕೇಳೋದಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿಜ ಹೇಳ್ತೇನೆ, ನಗಬೇಡಿ. ನನಗೆ ಮೀನಿಗಿಂತ ಆ ಕೆಂಪು ಅಂಕಿಯ ಮೇಲೇ ಪ್ರೀತಿ ಜಾಸ್ತಿ. ರಾತ್ರಿ ನೀರು ಕುಡಿಯಲು ಎದ್ದವಳು ಮೊದಲು ಅದನ್ನೇ ನೋಡೋದು. 25.8. ಸ್ವಲ್ಪ ಹೊತ್ತು ನಿಂತರೆ 25.7. ರಿಲೇ ಟಕ್ ಅನ್ನೋವರೆಗೂ ಕಾಯ್ತೇನೆ. ಅತ್ತೆ ಒಂದು ಸಲ ನೋಡಿ, "ದೇವರ ಮುಂದೆ ಇಷ್ಟು ಹೊತ್ತು ನಿಂತಿದ್ದು ಕಾಣೆ" ಅಂದರು.

ಇರಲಿ. ಹುಡುಗ ಕೊನೆಗೆ 50 ವ್ಯಾಟಿನದ್ದೇ ತಗೊಂಡ, ಕಂಟ್ರೋಲರ್ ಅಂಗಡಿಯಲ್ಲಿ ಇರಲಿಲ್ಲ. ಆನ್‌ಲೈನಿನಲ್ಲಿ ಸಾವಿರದ ಒಳಗೆ ಬರ್ತದೆ ಅಂತ ಹೆಸರು ಬರೆದು ಕೊಟ್ಟೆ. ಅಂಗಡಿಯವರು ನನ್ನನ್ನು ನೋಡಿದ ರೀತಿ ನೋಡಿದರೆ, ಮುಂದಿನ ಸಲ ಮೀನಿನ ಆಹಾರಕ್ಕೆ ಬೇರೆ ಅಂಗಡಿ ಹುಡುಕಬೇಕು.

ಮತ್ತೆ ದೇವಿಮನೆ ಘಟ್ಟದ ಕೆಳಗಿನವರು, ಕರಾವಳಿಯ ಕುಮಟಾ ಕಾರವಾರದವರು, "ನಮಗೆ ಹೀಟರ್ ಯಾಕೆ" ಅಂತ ಬರೋ ಮುಂಚೆ ಹೇಳಿಬಿಡ್ತೇನೆ: ನಿಮಗೆ ಬೇಕಾದದ್ದು ಅದೇ ಡಬ್ಬಿಯ ಎರಡನೇ ರಿಲೇ, ತಣ್ಣಗೆ ಮಾಡುವುದು. ಅದಕ್ಕೆ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಜೋಡಿಸಿ. ಆದರೆ ಮೇ ತಿಂಗಳ ನಿಮ್ಮ ಬೆವರು ಹವೆಯಲ್ಲಿ ನೀರು ಬೇಗ ಆವಿಯಾಗೋದಿಲ್ಲ, ಹಾಗಾಗಿ ಫ್ಯಾನಿಂದ ಮಹಾ ತಂಪು ಏನೂ ಬರೋದಿಲ್ಲ. ಅದಕ್ಕಿಂತ ಡಿಸ್ಕಸ್ ಮೀನು ಸಾಕಿ, ಅದಕ್ಕೆ 28, 30 ಆದರೂ ಖುಷಿಯೇ.